ಫ್ರೆಂಚ್ ಕಲಿಯಾಕತ್ತೇನಿ, ಕುರ್ಚಿ ಯಾಕ ಹೆಣ್ಣು ಅಂತ ಯಾರರ ಹೇಳ್ರಿ

ಹತ್ತರಗಿ ಸೆಕೆಂಡ್ ಶಿಫ್ಟ್
ಎಲ್ಲಾರಿಗೂ ನಮಸ್ಕಾರ್ರಿ. ನಾ ಹತ್ತರಗಿ ಕಡೆ ವಿಮಾನದ ಬಿಡಿಭಾಗ ಮಾಡೂ ಕೆಲಸದಾಗ ಅದೇನಿ, ಮನಿ ಬೆಳಗಾವಿ ತಿಲಕವಾಡಿ. ಕೆನಡಾಕ್ಕ ಹೋಗೂ ವಿಚಾರ ಐತಿ, ಅದಕ್ಕ ನಾನೂ ನನ್ನ ಹೆಂಡ್ತಿನೂ ಆರು ತಿಂಗಳಿಂದ ಫ್ರೆಂಚ್ ಕಲಿಯಾಕತ್ತೇವಿ. ಕ್ಲಾಸಿನ್ಯಾಗ ಎಲ್ಲಾ ಇಂಗ್ಲಿಷ್‌ನ್ಯಾಗ ಹೇಳ್ತಾರ. ಯಾಕ್ರಿ ಹಿಂಗ ಅಂತ ಕೇಳಿದ್ರ "ರೂಲ್ ಹಂಗ ಐತಿ, ಬಾಯಿಪಾಠ ಮಾಡು" ಅಂತಾರ. ತಲಿ ಕೆಟ್ಟು ಗೊಬ್ಬರ ಆಗೇತಿ.

ಕುರ್ಚಿ ಹೆಣ್ಣಂತ, ಲಾ ಶೇಜ್. ಗ್ವಾಡಿ ಗಂಡಂತ, ಲೆ ಮ್ಯೂರ್. ಯಾರು ನೋಡಿ ಹೇಳಿದ್ರು? "ಉಂಡೆ" ಅನ್ನಾಕ ಜೇ ಮಾಂಜೇ, "ಹೋದೆ" ಅನ್ನಾಕ ಜೆ ಸ್ವಿ ಆಲೇ. ಒಂದಕ್ಕ 'ಜೇ', ಒಂದಕ್ಕ 'ಜೆ ಸ್ವಿ' ಯಾಕ? ಇನ್ನ ಚಹಾದ್ದಂತೂ ಕೇಳಬ್ಯಾಡ್ರಿ. ಒಮ್ಮೆ ಲೆ ತೇ, ಒಮ್ಮೆ ದ್ಯು ತೇ, ಒಮ್ಮೆ ದೆ ತೇ. ಒಂದ ಕಪ್ ಚಹಾಕ್ಕ ಮೂರು ಹೆಸರು. ಗೊತ್ತಿದ್ದವರು ಕನ್ನಡದಾಗ ತಿಳಿಸಿ ಹೇಳ್ರಿ, ಪುಣ್ಯ ಬರ್ತೈತಿ.

ಕುಂದಾ ಪ್ರೇಮಿ
ಗ್ವಾಡಿ ಗಂಡಸ ಇರಬೇಕ್ರಿ, ಹೆಂಡ್ತಿ ಎಷ್ಟ ಮಾತಾಡಿದ್ರೂ ಸುಮ್ನ ನಿಂತಿರ್ತೈತಿ 😂

ಶಹಾಪುರ ವೈನಿ
ತಮ್ಮಾ, ಬೆಳಗಾವ್ಯಾಗ ಹುಟ್ಟಿ ಈ ಪ್ರಶ್ನಿ ಕೇಳ್ತೀಯಲ್ಲ! ನಿಮ್ಮ ಓಣ್ಯಾಗ ಮರಾಠಿ ಮಾತಾಡಂಗಿಲ್ಲೇನು? ಮರಾಠಿ ಒಳಗ ಖುರ್ಚಿ 'ತೀ', ಆಂಬಾ 'ತೋ', ಘರ್ 'ತೇ'. ಫ್ರೆಂಚ್‌ನವರು ಎರಡರಾಗ ಮುಗಿಸ್ಯಾರ, ಇವರದು ಮೂರು. ಸಣ್ಣಾಂವಿದ್ದಾಗ ಓಣಿ ಹುಡುಗರ ಜೋಡಿ ಆಡ್ಕೋತ ಮೂರೂ ಕಲಿತೀಯಲ್ಲ, ಆವಾಗ ಯಾರಿಗರ ಯಾಕ ಅಂತ ಕೇಳಿದ್ಯಾ?

ಗುಮ್ಮಟದ ಮಾರ್ದನಿ
ವಿಜಾಪುರದಾಂವ ಬರದೀನಿ. ವೈನಿಯವರ ಮಾತು ಅರ್ಧ ಖರೆ ಅದ. ಮರಾಠಿಯಿಂದ 'ವಸ್ತುಕ್ಕ ಲಿಂಗ ಇರ್ತದ' ಅನ್ನೂ ಅಭ್ಯಾಸ ಸಿಗ್ತದ, ಆದ್ರ ಯಾವ ವಸ್ತು ಯಾವ ಲಿಂಗ ಅನ್ನೂದು ಸಿಗಂಗಿಲ್ಲ. ಗ್ವಾಡಿ ಮರಾಠಿಯೊಳಗ ಹೆಣ್ಣು, ಭಿಂತ್. ಫ್ರೆಂಚ್‌ದಾಗ ಗಂಡು. ಕುರ್ಚಿ ಹಿಂದಿ, ಮರಾಠಿ, ಫ್ರೆಂಚ್ ಮೂರರಾಗೂ ಹೆಣ್ಣು ಬಂದದ, ಅದು ಬರೇ ನಸೀಬು. ಚಂದ್ರ ಹಿಂದಿಯೊಳಗ ಗಂಡು, ಅವರಿಗೆ ಲಾ ಲ್ಯೂನ್, ಹೆಣ್ಣು. ಅದನ್ನ ನಂಬಕೊಂಡು ಪರೀಕ್ಷಾಕ್ಕ ಹೋದ್ರ ಮುಗೀತು.

ಹತ್ತರಗಿ ಸೆಕೆಂಡ್ ಶಿಫ್ಟ್
ಹಂಗಾದ್ರ ಉಪಾಯ ಏನ್ರಿ? ಸಾವಿರ ಶಬ್ದ ಗಂಡೋ ಹೆಣ್ಣೋ ಅಂತ ನೆನಪ ಇಟ್ಕೋಬೇಕಾ?

ಲಿಯೋಂ ರಿಟರ್ನ್
ಬಾಲಂಗೋಚಿ ನೋಡ್ರಿ. ನಾ ಫ್ರಾನ್ಸಿನ ಲಿಯೋಂನಾಗ ಎರಡು ವರ್ಷ ಇದ್ದೆ, ಎಂಎಸ್ ಮಾಡಾಕ. ಶಬ್ದದ ಕೊನಿ ನೋಡಿ ಹೇಳಬಹುದು, ಎಲ್ಲಾ ಅಲ್ಲ, ಆದ್ರ ಭಾಳಷ್ಟು. 'ಸಿಯೋಂ' ಅಂತ ಮುಗದ್ರ ಹೆಣ್ಣು: ಲಾ ನಾಸಿಯೋಂ, ಲಾ ಸ್ತಾಸಿಯೋಂ. 'ಎತ್' ಅಂತ ಮುಗಿಯೂ ಸಣ್ಣ ಸಣ್ಣ ಸಾಮಾನು ಹೆಣ್ಣು: ಲಾ ಫೂರ್ಶೆತ್, ಅಂದ್ರ ಊಟದ ಫೋರ್ಕ್. 'ಮಾಂ' ಅಂತ ಮುಗದ್ರ ಸಾಮಾನ್ಯವಾಗಿ ಗಂಡು: ಲೆ ಗೂವೆರ್ನ್‌ಮಾಂ, ಅಂದ್ರ ಸರಕಾರ. 'ಆಜ್' ಅಂತ ಮುಗದ್ರ ಗಂಡು: ಲೆ ಫ್ರೋಮಾಜ್, ಲೆ ವಿಲಾಜ್.

ಶಬ್ದ ಬರ್ಕೊಳ್ಳುವಾಗ ಬರೇ 'ಶೇಜ್' ಅಂತ ಬರೀಬ್ಯಾಡ್ರಿ. 'ಲಾಶೇಜ್' ಅಂತ ಒಂದ ಉಸರಿನ್ಯಾಗ ಬರ್ಕೋರಿ. ಲಾ ಅದರ ಅಡ್ಡಹೆಸರು ಅಂತ ತಿಳ್ಕೋರಿ, ಅಡ್ಡಹೆಸರಿಲ್ದ ನಮ್ಮ ಕಡೆ ಯಾರಿಗೆ ಯಾರ ಗುರ್ತು ಸಿಗತೈತಿ?

ಗುಮ್ಮಟದ ಮಾರ್ದನಿ
ಅಕ್ಕಾರ, 'ಆಜ್' ಎಲ್ಲಾ ಗಂಡಲ್ಲ. ಪ್ಲಾಜ್ (ಸಮುದ್ರದ ದಂಡಿ), ಇಮಾಜ್ (ಚಿತ್ರ), ಪಾಜ್ (ಪುಟ), ಕಾಜ್ (ಪಂಜರ) ಎಲ್ಲಾ ಹೆಣ್ಣು.

ಲಿಯೋಂ ರಿಟರ್ನ್
ಹೌದು, ಅದಕ್ಕ "ಎಲ್ಲಾ ಅಲ್ಲ" ಅಂತ ಮೊದಲ ಹೇಳೇನಿ. ಓದೂದರೊಳಗ ಬರೀತೀರಿ.

ಮೈಸೂರಿನಿಂದ ಮಚ್ಛೆಗೆ
ನಾನು ವಿಟಿಯು ಹತ್ತಿರ ಇರೋನು, ಊರು ಮೈಸೂರು. ನನಗೆ ಮರಾಠಿಯೂ ಬರಲ್ಲ, ಹಿಂದಿ ಅಷ್ಟಕ್ಕಷ್ಟೇ. ನಾವೇನು ಮಾಡ್ಬೇಕು? ಕನ್ನಡದಲ್ಲಿ ಕುರ್ಚಿ 'ಅದು', ಗೋಡೆ 'ಅದು', ಅಲ್ಲಿಗೆ ಮುಗೀತು. ಎಷ್ಟು ಚೆನ್ನಾಗಿದೆ.

ಇಳಕಲ್ ಚಿಕ್ಕಿಪರಾಸ
ಮೈಸೂರಣ್ಣಾ, ಸೂರ್ಯ ಮುಳುಗಿತು ಅಂತೀಯೋ ಮುಳುಗಿದ ಅಂತೀಯೋ? ಹೊಳಿಗೆ ಕಾವೇರಿ ತಾಯಿ ಅನ್ನಂಗಿಲ್ಲೇನು? ನಮಗೂ ಸ್ವಲ್ಪ ಐತಿ, ಪೂರಾ ಇಲ್ಲ ಅಷ್ಟ.

ನಿವೃತ್ತ ಹಿಂದಿ ಮಾಸ್ತರ
ಮಕ್ಕಳೇ, ನಾನು ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಹಿಂದಿ ಕಲಿಸಿದವ. ಈಗ ಮೊಮ್ಮಗಳು ಫ್ರೆಂಚ್ ಕಲಿಯುತ್ತಾಳೆ, ಅವಳ ಪುಸ್ತಕ ಓದಿ ಓದಿ ನನಗೂ ಹುಚ್ಚು ಹಿಡಿದಿದೆ. ಒಂದು ಮಾತು ಹೇಳುತ್ತೇನೆ. ನೀವೆಲ್ಲ ಇಂಗ್ಲಿಷಿನ ಬಾಗಿಲಿನಿಂದ ಫ್ರೆಂಚಿನ ಮನೆಗೆ ಹೋಗುತ್ತಿದ್ದೀರಿ. ಆ ಬಾಗಿಲು ಗಿಡ್ಡ, ತಲೆ ಬಡಿಯುತ್ತದೆ.

'ಅವನ ತಾಯಿ', 'ಅವಳ ತಾಯಿ' ಇದನ್ನೇ ತೆಗೆದುಕೊಳ್ಳಿ. ಫ್ರೆಂಚಿನಲ್ಲಿ ಎರಡಕ್ಕೂ ಸಾ ಮೇರ್. ತಂದೆ ಅವನವನಾದರೂ ಅವಳವನಾದರೂ ಸೋಂ ಪೇರ್. ಇಂಗ್ಲಿಷ್ ಕಲಿತವರಿಗೆ ಇಲ್ಲಿ ಗೊಂದಲ, ಯಾಕೆಂದರೆ ಅಲ್ಲಿ ಒಡೆಯನನ್ನು ನೋಡಿ ಶಬ್ದ ಬದಲಾಗುತ್ತದೆ. ಕನ್ನಡದಲ್ಲೂ ಹಾಗೆಯೇ. ಹಿಂದಿಯಲ್ಲಿ? ಉಸ್ಕೀ ಮಾಂ, ಉಸ್ಕಾ ಬಾಪ್. ಒಡೆಯ ಯಾರು ಎಂಬುದು ಲೆಕ್ಕಕ್ಕಿಲ್ಲ, ಸ್ವತ್ತು ಯಾವುದು ಎಂಬುದೇ ಲೆಕ್ಕ. ಉಸ್ಕಾ ಬದಲು ಸೋಂ, ಉಸ್ಕೀ ಬದಲು ಸಾ ಇಡಿ, ಮುಗಿಯಿತು. ಮುಂದಿನ ಶಬ್ದ ಸ್ವರದಿಂದ ಶುರುವಾದರೆ ಮಾತ್ರ ಹೆಣ್ಣಿಗೂ ಸೋಂ, ಮೋಂ ಬರುತ್ತವೆ. 'ನನ್ನ ಶಾಲೆ' ಹೆಣ್ಣಾದರೂ ಮೋ ನೇಕೋಲ್. ನಾಲಿಗೆ ತೊಡರಬಾರದು ಎಂಬ ಕಾರಣಕ್ಕೆ, ನಮ್ಮ ಸಂಧಿ ಇದ್ದ ಹಾಗೆ.

ಹತ್ತರಗಿ ಸೆಕೆಂಡ್ ಶಿಫ್ಟ್
ಸರ, ಕಾಲಿಗೆ ಬಿದ್ದೆ. ಈ ಸೋಂ, ಸಾ ಸಲುವಾಗಿ ಮೂರು ವಾರ ಒದ್ದಾಡೇನಿ.

ಶಹಾಪುರ ವೈನಿ
ಮಾಸ್ತರ ಹೇಳಿದ್ದಕ್ಕ ನಂದೊಂದು ಸೇರಸ್ತೀನಿ. ವಯಸ್ಸು ಹೇಳೂದು. ಇಂಗ್ಲಿಷ್‌ನವರು "ನಾ ಇಪ್ಪತ್ತು ಅದೇನಿ" ಅಂತಾರ. ಫ್ರೆಂಚ್‌ನವರು ಜೇ ವ್ಯಾಂ ತಾಂ, ಅಂದ್ರ ನನ್ನ ಹತ್ರ ಇಪ್ಪತ್ತು ವರ್ಷ ಅದಾವು. ನಾವು ನನಗ ಇಪ್ಪತ್ತು ವರ್ಷ ಅಂತೀವಿ. ಹಸಿವು, ನೀರಡಿಕಿ, ಸೆಕಿ, ಥಂಡಿ ಎಲ್ಲಾ ಹಂಗ. ನಾವೂ ಅವರೂ "ನಾ ಹಸಿವು ಅದೇನಿ" ಅನ್ನಂಗಿಲ್ಲ.

ಲಿಯೋಂ ರಿಟರ್ನ್
ವೈನಿ, ಇದ ಮಾತಿಗೆ ನಂದೊಂದು ಮರ್ಯಾದಿ ಹೋದ ಕತಿ ಐತಿ.

ಹೋಗಿ ಎರಡು ತಿಂಗಳಾಗಿತ್ತು. ನಮ್ಮ ಮನಿ ಮಾಲಕಿ, ಎಪ್ಪತ್ತು ದಾಟಿದಾಕಿ, ರವಿವಾರ ಊಟಕ್ಕ ಕರದಿದ್ಲು. ಆಲೂಗಡ್ಡಿ, ಕೆನಿ, ಚೀಸ್ ಹಾಕಿ ಒಲಿಯೊಳಗಿಟ್ಟು ಮಾಡಿದ್ದು, ಮ್ಯಾಲೆ ಕಂದು ಹಪ್ಪಳದಂಗ ಪದರ ಬಂದಿತ್ತು. ಎರಡು ಸಲ ಹಾಕಿಸ್ಕೊಂಡೆ. ಮೂರನೇ ಸಲ ಸೌಟು ಎತ್ತಿದ್ಲು. ನಾ ತಾಟಿನ ಮ್ಯಾಲೆ ಕೈ ಅಡ್ಡ ಹಿಡದು, ಇಂಗ್ಲಿಷ್‌ನ್ಯಾಗ ವಿಚಾರ ಮಾಡಿ, "ಜೆ ಸ್ವಿ ಪ್ಲೆನ್" ಅಂದೆ. ತುಂಬೇನಿ ಅಂತ. ಆಕಿ ಸೌಟು ಅಲ್ಲೇ ಗಾಳ್ಯಾಗ ನಿಂತ್ತು. ಆಕಿ ಮೊಮ್ಮಗ ಬಾಯಿಗೆ ಕರವಸ್ತ್ರ ಒತ್ಕೊಂಡು ಅಡಗಿಮನಿಗೆ ಓಡಿದ.

ಆಮ್ಯಾಲೆ ಗೊತ್ತಾತು, ಆ ಮಾತು ದನಕ್ಕ ಹೇಳೂದಂತ. ಎಮ್ಮಿ ಗಬ್ಬ ಆಗೇತಿ ಅಂತೀವಲ್ಲ, ಅದು. "ಜೇ ಬ್ಯಾಂ ಮಾಂಜೇ", ಛಲೋ ಉಂಡೆ ಅಂತ ಅಂದಿದ್ರ ಸಾಕಿತ್ತು. ಕನ್ನಡದಾಗ ವಿಚಾರ ಮಾಡಿದ್ರ ಅದ ಬರ್ತಿತ್ತು, ನೋಡ್ರಿ.

ಕುಂದಾ ಪ್ರೇಮಿ
😂😂😂 ಗಬ್ಬ ಆಗೇನಿ ಸಾಕ್ರಿ, ಇನ್ನ ಹಾಕಬ್ಯಾಡ್ರಿ

ಇಳಕಲ್ ಚಿಕ್ಕಿಪರಾಸ
ನಕ್ಕು ನಕ್ಕು ಹೊಟ್ಟಿ ಹುಣ್ಣಾತು. ಹಂಗ 'ಜೆ ಸ್ವಿ ಶೋ' ಅಂತನೂ ಅನ್ನಬ್ಯಾಡ್ರಿ, ಸೆಕಿ ಅನ್ನಾಕ ಹೋಗಿ ಬ್ಯಾರೆ ಅರ್ಥ ಆಗತೈತಿ. ಜೇ ಶೋ ಅನ್ರಿ. ಬಾಗಲಕೋಟಿಯವರಿಗೆ ಈ ವಾಕ್ಯ ಎಪ್ರಿಲ್ ತಿಂಗಳದಾಗ ದಿನಾ ಬೇಕು.

ಹತ್ತರಗಿ ಸೆಕೆಂಡ್ ಶಿಫ್ಟ್
ನನ್ನ ಚಹಾ ಎಲ್ಲಿ ಹೋತು? ಜೇ, ಜೆ ಸ್ವಿ ಎಲ್ಲಿ ಹೋತು?

ಶಹಾಪುರ ವೈನಿ
ಚಹಾ ನಾ ಕುಡಸ್ತೀನಿ. ಚಹಾ ಅಂದ್ರ ನನಗ ಜೀವ ಅಂತೀಯಲ್ಲ, ಅದು ಜಗತ್ತಿನ ಎಲ್ಲಾ ಚಹಾ. ಆವಾಗ ಲೆ ತೇ: ಜೆಮ್ ಲೆ ತೇ. ಈಗ ಕುಡಿಯಾಕತ್ತೇನಿ ಅಂದ್ರ ಜಗತ್ತಿನ ಚಹಾ ಅಲ್ಲ, ಬಸಿಯೊಳಗಿಂದು ಒಂದೀಟು. ಆವಾಗ ದ್ಯು ತೇ. ಕನ್ನಡ ವಾಕ್ಯದಾಗ 'ಒಂದೀಟು' ಸೇರಿಸಿ ನೋಡು, ಸರಿ ಕೂತ್ರ ಗಂಡಿಗೆ ದ್ಯು, ಹೆಣ್ಣಿಗೆ ದೆ ಲಾ. ನೀರಿಗೆ ಸ್ವರ ಬಂತಲ್ಲ, ದೆ ಲೋ. ಕುಡಿಯಂಗಿಲ್ಲ ಅಂದ್ರ ಇಲ್ಲದ್ದಕ್ಕ ಗಂಡೇನು ಹೆಣ್ಣೇನು, ಬರೇ ದೆ: ಪಾ ದೆ ತೇ.

ಗುಮ್ಮಟದ ಮಾರ್ದನಿ
ವೈನಿ, ಒಂದು ತಿದ್ದುಪಡಿ. "ಇದು ಚಹಾ ಅಲ್ಲ" ಅಂದ್ರ ಅಲ್ಲಿ ದ್ಯು ಹಂಗ ಉಳೀತದ: ಸೆ ನೇ ಪಾ ದ್ಯು ತೇ. ಕನ್ನಡದಾಗ 'ಇಲ್ಲ' ಬ್ಯಾರೆ, 'ಅಲ್ಲ' ಬ್ಯಾರೆ. ಇಲ್ಲ ಅಂದ್ರ ದೆ, ಅಲ್ಲ ಅಂದ್ರ ದ್ಯು. ಇಂಗ್ಲಿಷ್‌ದಾಗ ಈ ಇಲ್ಲ-ಅಲ್ಲದ ಫರಕ ಎಲ್ಲದ?

ನಿವೃತ್ತ ಹಿಂದಿ ಮಾಸ್ತರ
ಗುಮ್ಮಟದವರೇ, ಇದನ್ನು ನಾನು ಮೊಮ್ಮಗಳ ಪುಸ್ತಕದ ಅಂಚಿನಲ್ಲಿ ಬರೆದಿಟ್ಟುಕೊಂಡೆ. ಭೇಷ್.

ಮೈಸೂರಿನಿಂದ ಮಚ್ಛೆಗೆ
ಕೊನೆಗೂ ಕನ್ನಡಕ್ಕೆ ಒಂದು ಅಂಕ ಬಂತು 🙏

ಲಿಯೋಂ ರಿಟರ್ನ್
ಈಗ ಜೇ, ಜೆ ಸ್ವಿ. ಮೂಲ ಕ್ರಿಯಾಪದ ಎರಡು: ಆವ್ವಾರ್ (ಇದು 'ಹೊಂದಿರು'), ಎತ್ರ್ (ಇದು 'ಇರು'). ಹೆಚ್ಚಿನ ಕ್ರಿಯಾಪದ ಎಲ್ಲಾ ಅವ್ವಾರ ನೋಡ್ಕೋತಾರ, ಮನಿಯೊಳಗ ಹೆಂಗೋ ಹಂಗ. ಎತ್ರ್ ತಗೊಳ್ಳೂವು ಹದಿನೈದೋ ಹದಿನೇಳೋ: ಹೋಗು, ಬರು, ಹುಟ್ಟು, ಸಾಯಿ, ಏರು, ಇಳಿ, ಬೀಳು, ಉಳಿ ಇತ್ಯಾದಿ. ಜೋಡಿಗೆ 'ತನ್ನನ್ನ ತಾ' ಅನ್ನೂ ಕ್ರಿಯಾಪದ ಎಲ್ಲಾ, ಜೆ ಮೆ ಸ್ವಿ ಲೆವೇ, ನಾ ಎದ್ದೆ.

ಕುಂದಾ ಪ್ರೇಮಿ
ಅಂದ್ರ ಓಡಾಡೂವು ಎಲ್ಲಾ ಎತ್ರ್. ಸಿಂಪಲ್.

ಗುಮ್ಮಟದ ಮಾರ್ದನಿ
ಅಲ್ಲ. ಓಡು (ಕೂರೀರ್), ನಡಿ (ಮಾರ್ಶೇ) ಎರಡೂ ಆವ್ವಾರ್. ಮತ್ತ 'ಉಳಿ' (ರೆಸ್ತೇ) ಅಲುಗಾಡಂಗಿಲ್ಲ, ಅದು ಎತ್ರ್. ಎಲ್ಲಿಂದ ಎಲ್ಲಿಗೆ ಅನ್ನೂದು ಮುಖ್ಯ, ಕಾಲು ಆಡಸೂದು ಅಲ್ಲ.

ಇಳಕಲ್ ಚಿಕ್ಕಿಪರಾಸ
ನಾ ಒಂದು ಯುಕ್ತಿ ಮಾಡೇನಿ, ತಪ್ಪಿದ್ರ ಬೈರಿ. 'ಇಸು' ಪರೀಕ್ಷಾ. ನಾ ಏರಿದೆ: ಜೆ ಸ್ವಿ ಮೋಂತೇ. ಚೀಲ ಏರಿಸಿದೆ: ಜೇ ಮೋಂತೇ. ನಾ ಇಳಿದೆ, ಎತ್ರ್. ಸಾಮಾನು ಇಳಿಸಿದೆ, ಆವ್ವಾರ್. ಫ್ರೆಂಚ್‌ದಾಗ ಕ್ರಿಯಾಪದ ಅದ, ಬರೇ ಸಹಾಯಕ ಬದಲಾಗತೈತಿ. ನಮ್ಮಲ್ಲಿ 'ಇಸು' ಸೇರತೈತಿ. ಅಪ್ಪನ ಜೋಡಿ ಸೀರಿ ಗಂಟು ಟೆಂಪೋಕ್ಕ ಏರಿಸ್ಕೋತ ಇದು ಹೊಳೀತು, ಖರೇನ.

ಗುಮ್ಮಟದ ಮಾರ್ದನಿ
ಭಾರಿ ಅದ. ಆದ್ರ "ಮೆಟ್ಟಲ ಏರಿದೆ" ಅಂದಾಗ ಫಜೀತಿ. 'ಇಸು' ಇಲ್ಲ, ಆದ್ರೂ ಜೇ ಮೋಂತೇ ಲೆಸ್ಕಾಲಿಯೇ, ಯಾಕಂದ್ರ ಮೆಟ್ಟಲ ಕರ್ಮಪದ.

ಇಳಕಲ್ ಚಿಕ್ಕಿಪರಾಸ
ನೀವು ಇದ್ದಲ್ಲೆ ಏನೂ ಪೂರ್ತಿ ಸರಿ ಆಗೂದಿಲ್ಲ ನೋಡ್ರಿ. ಪಿಸುಗುಟ್ಟಿದ್ರೂ ಏಳು ಸಲ ತಿರುಗಿ ಬರ್ತೀರಿ, ಹೆಸರಿಗೆ ತಕ್ಕಂಗ.

ಶಹಾಪುರ ವೈನಿ
ಜೆ ಸ್ವಿ ಆಲೇ ಒಳಗ ಹೋದಾಕಿ ಹೆಣ್ಣಾದ್ರ ಬರಿಯುವಾಗ ಕೊನಿಗೆ ಇನ್ನೊಂದು 'ಇ' ಅಕ್ಷರ ಹತ್ತತೈತಿ, ಕೇಳಸಂಗಿಲ್ಲ. ಮರಾಠಿ ನೋಡ್ರಿ: ತೋ ಗೇಲಾ, ತೀ ಗೇಲೀ. ಅದ ಲೆಕ್ಕ. ಉಣ್ಣೂದಕ್ಕ ಬಂದ್ರ ಮರಾಠಿಯೊಳಗ ಉಂಡ ವಸ್ತುವಿನ ಪ್ರಕಾರ: ಮೀ ಭಾಕರಿ ಖಾಲ್ಲೀ, ಮೀ ಆಂಬಾ ಖಾಲ್ಲಾ. ಫ್ರೆಂಚ್‌ದಾಗೂ ಇದು ಐತಿ, ಆದ್ರ ಆ ವಸ್ತು ವಾಕ್ಯದಾಗ ಮೊದಲ ಬಂದ್ರ ಅಷ್ಟ. "ನಾ ತಿಂದ ಸೇಬು" ಅಂದ್ರ 'ಇ' ಹತ್ತತೈತಿ, "ಸೇಬು ತಿಂದೆ" ಅಂದ್ರ ಇಲ್ಲ.

ಕುಂದಾ ಪ್ರೇಮಿ
ವೈನಿ ಎಲ್ಲಾದಕ್ಕೂ ಮರಾಠಿ ತರಾಕತ್ತಾರ. ಇನ್ನ ಯಾರರ ಮಹಾಜನ ವರದಿ ತಗದ್ರ ನಾ ಹೊರಗ ಹೊಂಟೆ.

ಶಹಾಪುರ ವೈನಿ
ವ್ಯಾಕರಣಕ್ಕ ಗಡಿ ಇಲ್ಲೋ ಮಾರಾಯಾ, ಕುಂದಾ ತಿಂದು ಸುಮ್ನ ಕೂಡು.

ಲಿಯೋಂ ರಿಟರ್ನ್
ವಸ್ತು ಮೊದಲ ಬಂದ್ರ 'ಇ' ಹಚ್ಚೂ ನಿಯಮಕ್ಕ ಅಲ್ಲಿಯವರೂ ಬೈತಾರ. 16ನೇ ಶತಮಾನದಾಗ ಕ್ಲೆಮಾಂ ಮಾರೋ ಅನ್ನೂ ಕವಿ ಇಟಲಿಯವರನ್ನ ನೋಡಿ ಇದನ್ನ ಎತ್ತಿ ಹಿಡದ. 2018ರಾಗ ಬೆಲ್ಜಿಯಂದ ಇಬ್ಬರು ಮಾಜಿ ಶಿಕ್ಷಕರು ಇದನ್ನ ತಗದ ಹಾಕ್ರಿ, ಸಾಲ್ಯಾಗ ಎಷ್ಟೋ ತಾಸು ಇದಕ್ಕ ಹಾಳು ಅಂತ ಪೇಪರಿಗೆ ಬರದು ದೊಡ್ಡ ವಾದ ಆತು. ಅಕಾದೆಮಿ ಫ್ರಾಂಸೇಜ್ ಅಂತ 1635ರಿಂದ ಭಾಷಾ ಕಾಯೂ ಸಂಸ್ಥಾ ಐತಿ, ಅಲ್ಲೆ 40 ಕುರ್ಚಿ. ಅವರು ಹಂಗೆಲ್ಲಾ ಬಿಡಂಗಿಲ್ಲ. ಕೋವಿಡ್ ಬಂದಾಗ ಮಂದಿ ಎಲ್ಲಾ 'ಲೆ ಕೋವಿಡ್' ಅಂತಿದ್ರು, ಅಕಾದೆಮಿ 2020ರ ಮೇ ತಿಂಗಳದಾಗ ಎದ್ದು "ಅದು ರೋಗ, ರೋಗ ಹೆಣ್ಣು, ಲಾ ಕೋವಿಡ್" ಅಂತು.

ಇಳಕಲ್ ಚಿಕ್ಕಿಪರಾಸ
ರೋಗ ಬಂದ್ರ ಹೆಣ್ಣು. ಎಲ್ಲಾ ಕಡೆ ಇದ ಹಾಡು.

ಮೈಸೂರಿನಿಂದ ಮಚ್ಛೆಗೆ
ಯಾರಾದ್ರೂ ಸಂಖ್ಯೆ ಬಗ್ಗೆ ಹೇಳಿ ಪ್ಲೀಸ್. ಕೇಳಿ ಬರೆಯೋ ಪರೀಕ್ಷೆಯಲ್ಲಿ ಫೋನ್ ನಂಬರ್ ಬರುತ್ತೆ. 'ಸ್ವಾಸಾಂತ್' ಅಂದ ತಕ್ಷಣ ನನ್ನ ಕೈ 60 ಅಂತ ಬರೆದುಬಿಡುತ್ತೆ. ಆಮೇಲೆ 'ದೀಜ್ವಿತ್' ಅಂತಾನೆ, 18. ಅದು 78 ಅಂತ ಗೊತ್ತಾಗೋಷ್ಟರಲ್ಲಿ ಮುಂದಿನ ಎರಡು ಅಂಕಿ ಹೋಗಿರುತ್ತೆ. 99ಕ್ಕೆ ನಾಲ್ಕು ಇಪ್ಪತ್ತು ಹತ್ತೊಂಬತ್ತು. ಇದು ಭಾಷೆಯೋ ಲೆಕ್ಕದ ಪರೀಕ್ಷೆಯೋ?

ನಿವೃತ್ತ ಹಿಂದಿ ಮಾಸ್ತರ
ನಮ್ಮಜ್ಜಿ ಕುಳ್ಳು ಎಣಿಸುವಾಗ "ಒಂದು ಇಪ್ಪತ್ತು, ಎರಡು ಇಪ್ಪತ್ತು, ಮೂರು ಇಪ್ಪತ್ತು" ಎಂದು ಗೋಡೆಗೆ ಇದ್ದಲಿನ ಗೆರೆ ಎಳೆಯುತ್ತಿದ್ದಳು. ನಾಲ್ಕು ಗೆರೆಯಾದರೆ ಕಾತ್ರ್ ವ್ಯಾಂ. ಅವಳಿಗೆ ಫ್ರೆಂಚ್ ಕಲಿಸಿದ್ದರೆ ಒಂದು ದಿನದ ಕೆಲಸ.

ಗುಮ್ಮಟದ ಮಾರ್ದನಿ
ಬೆಲ್ಜಿಯಂ, ಸ್ವಿಟ್ಜರ್ಲೆಂಡ್‌ದಾಗ 70ಕ್ಕ ಸೆಪ್ತಾಂತ್, 90ಕ್ಕ ನೋನಾಂತ್, ನಮ್ಮಂಗ ಸರಳ. 80ಕ್ಕ ಬೆಲ್ಜಿಯಂದವರೂ ನಾಕ ಇಪ್ಪತ್ತ ಅಂತಾರ. ಆದ್ರ ಕೆನಡಾದಾಗ ಫ್ರಾನ್ಸ್ ಲೆಕ್ಕನೇ, ಹಿಂಗಾಗಿ ನಿಮಗ ಸುಟ್ಟಿ ಇಲ್ಲ. ಮೈಸೂರಿನವರ, 'ಸ್ವಾಸಾಂತ್' ಕೇಳಿದ ಕೂಡ್ಲೆ ಪೆನ್ನು ಎತ್ತಿ ಹಿಡೀರಿ. ಅಷ್ಟ ಉಪಾಯ.

ಕುಂದಾ ಪ್ರೇಮಿ
ಹತ್ತರಗಿ ಅಣ್ಣಾ, ಡೆಲ್ಫ್ ಅನ್ನೂ ಫ್ರೆಂಚ್ ಪರೀಕ್ಷಾ ಬರದು ಬಿಡು, ಆಜೀವ ನಡೀತೈತಿ, ಕೆನಡಾಕ್ಕೂ ಸಾಕು.

ಲಿಯೋಂ ರಿಟರ್ನ್
ತಪ್ಪು ಮಾಹಿತಿ ಕೊಡಬ್ಯಾಡ್ರಿ, ಮಂದಿ ರೊಕ್ಕ ಕಟ್ಟಿರ್ತಾರ. ಡೆಲ್ಫ್ ಆಜೀವ ನಡಿಯೂದು ಖರೆ, ಆದ್ರ ಎಕ್ಸ್‌ಪ್ರೆಸ್ ಎಂಟ್ರಿಗೆ, ಅಂದ್ರ ಕೆನಡಾಕ್ಕ ವಲಸಿ ಹೋಗಾಕ ಹಾಕೂ ಅರ್ಜಿಗೆ, ಅದು ನಡಿಯಂಗಿಲ್ಲ. ಟಿಇಎಫ್ ಕೆನಡಾ ಇಲ್ಲಾ ಟಿಸಿಎಫ್ ಕೆನಡಾ ಪರೀಕ್ಷಾ ಬೇಕು, ಅದರ ಫಲಿತಾಂಶ ಎರಡು ವರ್ಷ ಅಷ್ಟ.

ಕುಂದಾ ಪ್ರೇಮಿ
ಸಾರಿ ಅಕ್ಕಾರ. ನಮ್ಮ ಮಾವನ ಮಗ ಹೇಳಿದ್ದ.

ಹತ್ತರಗಿ ಸೆಕೆಂಡ್ ಶಿಫ್ಟ್
ನಂದು ಟಿಇಎಫ್ ಐತಿ, ಚಿಂತಿ ಇಲ್ಲ. ಇನ್ನೊಂದ ಕೇಳ್ತೀನ್ರಿ, ಸಬ್ಜಂಕ್ಟಿವ್ ಅಂದ್ರೇನು? ಕ್ಲಾಸಿನ್ಯಾಗ ಮುಂದಿನ ವಾರ ಅದ ಶುರು. ಹೆಸರ ಕೇಳಿ ಹೆಂಡ್ತಿ ಪುಸ್ತಕ ಮುಚ್ಚಿಟ್ಟಾಳ.

ನಿವೃತ್ತ ಹಿಂದಿ ಮಾಸ್ತರ
ಮಗಳಿಗೆ ಹೇಳಿ, ಅವಳು ದಿನಾ ಅದನ್ನೇ ಆಡುತ್ತಾಳೆ. 'ಬರಲಿ', 'ಹೋಗಲಿ', 'ಇರಲಿ'. "ಅವ ಬರಲಿ!" ಎಂದರೆ ಕಿಲ್ ವ್ಯೆನ್! "ಅವ ಬರಲಿ ಅಂತ ನನ್ನಿಚ್ಛೆ", ಜೆ ವೆ ಕಿಲ್ ವ್ಯೆನ್. ವೀವ್ ಲಾ ಫ್ರಾಂಸ್ ಎನ್ನುತ್ತಾರಲ್ಲ, ಆ 'ವೀವ್' ಕೂಡ ನಮ್ಮ 'ಬಾಳಲಿ'. ಇಂಗ್ಲಿಷಿನಲ್ಲಿ ಇದು ಹೆಚ್ಚುಕಡಿಮೆ ಸತ್ತುಹೋಗಿದೆ, ಅದಕ್ಕೇ ಅವರ ಪುಸ್ತಕದಲ್ಲಿ ಇದೊಂದು ದೆವ್ವ. ನಮಗೆ ಅದು ಮನೆಯ ಬೆಕ್ಕು.

ಗುಮ್ಮಟದ ಮಾರ್ದನಿ
ಸರ, ಕ್ಷಮಾ ಇರಲಿ (ನೋಡ್ರಿ, ಬಂತು). 'ಬರಲಿ ಅಂತ ಆಸೆ' ಅನ್ನೂದಕ್ಕ ಮಾತ್ರ ಈ ದಾರಿ ಹಿಡೀಬ್ಯಾಡ್ರಿ. ಎಸ್ಪೆರೇ, ಅಂದ್ರ ಆಸೆ ಪಡೂದು, ಅದರ ಮುಂದ ಸಬ್ಜಂಕ್ಟಿವ್ ಬರಂಗಿಲ್ಲ. ಜೆಸ್ಪೇರ್ ಕಿಲ್ ವ್ಯಾಂದ್ರಾ, 'ಬರ್ತಾನ' ಅಂತ ಭವಿಷ್ಯತ್ಕಾಲ. ಕನ್ನಡ ದಾರಿ ಛಲೋ ಅದ, ಆದ್ರ ಅಲ್ಲೂ ತಗ್ಗು ಅದಾವ.

ಶಹಾಪುರ ವೈನಿ
ಅದಕ್ಕ ಫ್ರೆಂಚ್‌ನವರು ನಮಗಿಂತ ಆಸೆ ಗಟ್ಟಿ ಇಟ್ಟಾರ ಅಂತ ತಿಳ್ಕೋಬೇಕು. ನಾವು ಬರಲಿ, ಅವರು ಬರ್ತಾನ.

ತಮ್ಮಾ, ತ್ಯು (ನೀ) ಮತ್ತ ವೂ (ನೀವು) ಬಗ್ಗೆ ಕೇಳಲಿಲ್ಲಲ್ಲ? ನೀ ಕೇಳೂದು ಬ್ಯಾಡ, ಬೆಳಗಾವಿಯವರಿಗೆ 'ರೀ' ಗೊತ್ತಿದ್ರ ವೂ ಗೊತ್ತಿದ್ದಂಗ. ಅವ್ವಗ ನೀ, ದೇವರಿಗೆ ನೀ, ಅಂಗಡಿಯಾಂವಗ ರೀ. ಅಲ್ಲೂ ಹಂಗ.

ಲಿಯೋಂ ರಿಟರ್ನ್
ಗಂಡಗ ಮಾತ್ರ ಅಲ್ಲೆ 'ರೀ' ಇಲ್ಲ ವೈನಿ 😄

ಶಹಾಪುರ ವೈನಿ
ಇಲ್ಲೂ ಕಡಿಮಿ ಆಗೇತಿ ಬಿಡು.

ಹತ್ತರಗಿ ಸೆಕೆಂಡ್ ಶಿಫ್ಟ್
ಎಲ್ಲಾರಿಗೂ ಭಾಳ ಥ್ಯಾಂಕ್ಸ್. ಶಿಫ್ಟ್ ಮುಗಿಸಿ ಬಸ್ಸಿನ್ಯಾಗ ಕೂತು ಎಲ್ಲಾ ಓದಿದೆ. ನಂದೊಂದು ವಾಕ್ಯ ಮಾಡೇನಿ, ತಪ್ಪಿದ್ರ ಹೇಳ್ರಿ. "ನನ್ನ ಹೆಂಡ್ತಿ ಪ್ಯಾಟಿಗೆ ಹೋದ್ಲು, ಕುಂದಾ ತಗೊಂಡ್ಲು" ಅನ್ನಾಕ:

ಮಾ ಫಾಮ್ ಎ ಆಲೇ ಓ ಮಾರ್ಶೇ, ಎಲ್ ಆ ಆಶ್ತೇ ದ್ಯು ಕುಂದಾ.

ಕುಂದಾ ಪ್ರೇಮಿ
ಕುಂದಾ ಗಂಡು ಅಂತ ಯಾರು ಹೇಳಿದ್ರು? ನಾ ಒಪ್ಪಂಗಿಲ್ಲ.

ಲಿಯೋಂ ರಿಟರ್ನ್
ಹೊರಗಿಂದ ಬಂದ ಶಬ್ದ ಹೆಚ್ಚಾಗಿ ಗಂಡ ಮಾಡ್ಕೋತಾರ. ಚಪಾತಿನೂ ಅಲ್ಲೆ ಲೆ ಚಪಾತಿ. ವಾಕ್ಯ ಪೂರಾ ಬರೋಬರ್ ಐತಿ.

ಗುಮ್ಮಟದ ಮಾರ್ದನಿ
ಒಂದು ನಿಮಿಷ. ಹೋದಾಕಿ ಹೆಂಡ್ತಿ. 'ಆಲೇ' ಕೊನಿಗೆ ಇನ್ನೊಂದು 'ಇ' ಹಾಕೀರೋ ಇಲ್ಲೋ?

ಹತ್ತರಗಿ ಸೆಕೆಂಡ್ ಶಿಫ್ಟ್
ಕನ್ನಡದಾಗ ಬರದೇನ್ರಿ, ಹಾಕೇನಿ ಅಂತ ತಿಳ್ಕೋರಿ.